ಟವೆಲ್ ಹಾಕಿ ಗೆದ್ದ ಕಡಲತೀರ

ನೆನಪನ್ನು ನಾನು ಸುಲಭವಾಗಿ ನಂಬುವವನಲ್ಲ. ಅದರಲ್ಲೂ ನನ್ನನ್ನು ಗೆಲ್ಲಿಸುವ ನೆನಪನ್ನು. ಆದರೂ ಎರಡು ಸಾವಿರದ ನಾಲ್ಕರ ಬೇಸಿಗೆಯ ಗೆಲುವನ್ನು ಹೇಳದೆ ಇರಲಾರೆ.

ಅಮೆರಿಕದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ನಮ್ಮ ಮನೆಯಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಚಿತ್ರದಂಥ ಒಂದು ಕಡಲೂರು. ಬಂಡೆಗಳ ಮೇಲೆ ಬಿಸಿಲು ಕಾಯುವ ಸೀಲ್ ಪ್ರಾಣಿಗಳು, ಬೀದಿಯ ತುಂಬ ಐಸ್‌ಕ್ರೀಮ್ ಹಿಡಿದ ಪ್ರವಾಸಿಗರು. ತೀರದ ಪಾರ್ಕಿನಲ್ಲಿ ಮರದಡಿ ಒಂದೇ ಒಂದು ಉದ್ದನೆಯ ಮೇಜು, ಮೊದಲು ಬಂದವರದು. ಹಿಂದಿನ ವರ್ಷ ಕನ್ನಡ ಕುಟುಂಬಗಳ ಪಿಕ್ನಿಕ್‌ಗೆ ಅದನ್ನು ಹಿಡಿಯುವ ಹೊಣೆ ಹೊತ್ತು, ಕಳೆದುಕೊಂಡು, ಎಲ್ಲರಿಗೂ ಪಾರ್ಕಿಂಗ್ ಲಾಟಿನಲ್ಲೇ ಬಿಸಿಬೇಳೆಬಾತ್ ತಿನ್ನಿಸಿದ್ದೆ. ಎರಡು ಗಂಟೆ ದೂರದ ವೆಸ್ಟ್ ಕೊವಿನಾದಿಂದ ಬಂದಿದ್ದ ಗೆಳೆಯ ಪಾಟೀಲ, "ಸಮುದ್ರ ಎಲ್ಲೈತೋ ಮಾರಾಯಾ? ಬರೇ ಬಂಪರ್ ಕಾಣ್ತಾವ" ಎಂದಿದ್ದ. ಈ ಸಲವೂ ತಪ್ಪಿದರೆ ಮುಂದೆ ನನಗೆ ಪೇಪರ್ ಪ್ಲೇಟ್ ತರುವ ಕೆಲಸವೇ ಗತಿ.

ಆದರೆ ಈ ಸಲ ಧಾರವಾಡದಿಂದ ಸೋದರತ್ತೆ ಬಂದಿದ್ದರು. ಅವರನ್ನೂ ಹೆಂಡತಿಯನ್ನೂ ಪಾರ್ಕಿನೆದುರು ಇಳಿಸಿ, ಕಾರಿಗೆ ಜಾಗ ಹುಡುಕುತ್ತ ಸುತ್ತು ಹೊಡೆಯುತ್ತಿದ್ದೆ. ಆಜಾನುಬಾಹು ಅಮೆರಿಕನ್ನನೊಬ್ಬ ಐಸ್‌ಪೆಟ್ಟಿಗೆ ಹೊತ್ತು ನಮ್ಮ ಮೇಜಿನತ್ತ ನಡೆಯುತ್ತಿದ್ದ. ಕಾರಿನ ಗಾಜು ಇಳಿಸಿ ಕತ್ತು ಚಾಚಿದೆ. ಅತ್ತೆ ಚೀಲದಿಂದ ಟವೆಲ್ ತೆಗೆದವರೇ, ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯುವಂತೆ, ಅಷ್ಟು ದೂರದಿಂದಲೇ ಬೀಸಿ ಎಸೆದರು. ಅದು ಮೇಜಿನ ನಟ್ಟನಡುವೆ ಬಿತ್ತು.

"ಹಿಡದೀವ್ರೀ! ಮಂದಿ ಬರಾಕತ್ತಾರ!"

ಅವನಿಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲವೂ ಅರ್ಥವಾಯಿತು. "ಸಾರಿ, ಮ್ಯಾಮ್" ಎಂದು ಹಿಂತಿರುಗಿದ.

ಕಾರು ನಿಲ್ಲಿಸಿ ನಾನು ಬರುವಷ್ಟರಲ್ಲಿ ಅತ್ತೆ ಮೇಜಿನ ಪಕ್ಕದ ಕಂಚಿನ ಫಲಕ ದಿಟ್ಟಿಸುತ್ತಿದ್ದರು. ಓದಿ ಹೇಳಿದೆ: ಮೊದಲ ವಲಸೆಗಾರ ಬಂದ, ಖಾಲಿ ನೆಲ ಕಂಡ, ಗೂಟ ನೆಟ್ಟ, ಊರಾಯಿತು.

"ಅಂದ್ರ ಅವನೂ ಟವೆಲ್ ಹಾಕ್ಯಾನ ಬಿಡು. ಅದಕಿಂತ ಮೊದ್ಲ ಇಲ್ಲಿ ಯಾರೂ ಇದ್ದಿಲ್ಲೇನು?"

"ಮೂಲನಿವಾಸಿಗಳು ಇದ್ದರಲ್ಲ, ಅತ್ತೆ."

"ಮತ್ತ ಅವರ ಹೆಸರ ಎಲ್ಲೈತಿ?"

ಫಲಕದ ಹಿಂಬದಿಯನ್ನೂ ಬಗ್ಗಿ ನೋಡಿದೆ. ಇರಲಿಲ್ಲ.

ಮಧ್ಯಾಹ್ನ ಪಾಟೀಲ ಕಡಲಿಗೆ ಮುಖ ಮಾಡಿ ಕೂತು, ಮಿರ್ಚಿ ಭಜಿ ಕಚ್ಚಿ, "ಭೇಷ್! ಅಂತೂ ಜಾಗಾ ಹಿಡದೀ ನೋಡು!" ಎಂದು ನನ್ನ ಬೆನ್ನು ತಟ್ಟಿದ. ಎಲ್ಲರೂ ಚಪ್ಪಾಳೆ ಹೊಡೆದರು. ನಿಜ ಹೇಳೋಣವೆಂದರೆ ನನ್ನ ಬಾಯಲ್ಲೂ ಭಜಿ ಇತ್ತು.

ಆ ಸಂಜೆ ಡೈರಿಯಲ್ಲಿ ಬರೆದೆ: "ಈ ಸಲ ಮೇಜು ಹಿಡಿದೆ. ಅದ್ಭುತ ದಿನ." ಹೆಂಡತಿ ಹೆಗಲ ಮೇಲಿನಿಂದ ಇಣುಕಿದಳು.

"ಅಬ್ಬಾ! ನೀವು ಕಾರಲ್ಲಿ ಸುತ್ತು ಹೊಡೀತಿದ್ರಲ್ರೀ. ಅತ್ತೆ ಹೆಸರೆಲ್ಲಿ?"

ನಾನು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ.