ಟವಲಿನ ಕೆಳಗಿನ ಮನಸ್ಸು

ಮನುಷ್ಯನ ಮನಸ್ಸಿನಲ್ಲಿರುವುದನ್ನು ಬಾಯಿಯ ಹಂಗಿಲ್ಲದೆ ಯಂತ್ರವೇ ಲೋಕಕ್ಕೆ ತಿಳಿಸುವ ಕಾಲ ಬಂದಿದೆ. ಬಹಳ ದೊಡ್ಡ ಸಂಗತಿ ಇದು. ಆದರೆ ಆ ಯಂತ್ರ ಮಾಡಿದವರು ನಮ್ಮ ಸೋದರಮಾವನನ್ನು ನೋಡಿರಲಿಲ್ಲ. ಮನಸ್ಸಿನಲ್ಲಿರುವುದನ್ನು ಹೇಳುವುದು ಮರ್ಯಾದಸ್ಥರ ಲಕ್ಷಣವೇ ಅಲ್ಲ ಎಂದು ನಂಬಿದ ಆಸಾಮಿ ಅವರು!

ಮಾವ ತಮಿಳುನಾಡಿನ ಹರೂರಿನ ದನದ ದಲ್ಲಾಳಿ. ಸಂತೆಯಲ್ಲಿ ವ್ಯಾಪಾರ ಕುದುರುವುದು ಟವಲಿನ ಕೆಳಗೆ. ಒಬ್ಬರ ಬೆರಳನ್ನೊಬ್ಬರು ಹಿಡಿದು ಒತ್ತಿದರೆ ಬೆಲೆ ತಿಳಿಯುತ್ತದೆ, ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯುವುದಿಲ್ಲ. ಸಂತೆಯಲ್ಲಿ ಸರಿ. ಮನೆಯಲ್ಲಿ? ಇವತ್ತು ಏನು ಸಾರು ಎಂದು ಅತ್ತೆ ಕೇಳಿದರೂ ಟವಲು ಹೊದಿಸಿ ಕೈ ಚಾಚುತ್ತಿದ್ದರು. ಒಂದು ಬೆರಳು ಹುರುಳಿ, ಎರಡು ಬೆರಳು ಬದನೆಕಾಯಿ. ನನಗೆ ಹೆಣ್ಣು ನೋಡಲು ನಂಗವಳ್ಳಿಗೆ ಹೋದಾಗ, ಹುಡುಗಿಯ ಬಗ್ಗೆ ತಮ್ಮ ಅಭಿಪ್ರಾಯವನ್ನೂ ನಮ್ಮಪ್ಪನ ಬೆರಳಿಗೇ ತಿಳಿಸಿದರು. ಅಪ್ಪ ಮೇಷ್ಟ್ರು, ದನ ಮಾರಿದವರಲ್ಲ, ಒಪ್ಪಿಗೆ ಎಂದುಕೊಂಡರು. ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಮಾವ ಅಂದು ಏನು ಹೇಳಿದ್ದರೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಕಳೆದ ವರ್ಷ ಲಕ್ವ ಹೊಡೆದು ಮಾವನ ಮಾತು ಹೋಯಿತು, ಎರಡೂ ಕೈಗಳು ಬಿದ್ದುಹೋದವು. ಮಾತು ಹೋದದ್ದು ಊರಿಗೆ ಗೊತ್ತಾಗಲು ಎರಡು ದಿನ ಬೇಕಾಯಿತು. ಬೆರಳು ಹೋದದ್ದು ಅತ್ತೆಗೆ ಆ ಕ್ಷಣವೇ ಗೊತ್ತಾಯಿತು.

ಸೇಲಂನ ಆಸ್ಪತ್ರೆಯೊಂದರಲ್ಲಿ ಇಂಜಿನಿಯರ್ ಹುಡುಗಿಯೊಬ್ಬಳು ಮಾವನ ತಲೆಗೆ ವೈರುಗಳ ಟೋಪಿ ಹಾಕಿದಳು. ಎದುರಿನ ಲ್ಯಾಪ್‌ಟಾಪಿನಲ್ಲಿ ತಮಿಳು ಅಕ್ಷರಗಳು ಒಂದೊಂದಾಗಿ ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿದಾಗ ಮಿದುಳು ಎಚ್ಚೆತ್ತುಕೊಳ್ಳುತ್ತದೆ, ಟೋಪಿ ಅದನ್ನು ಹಿಡಿಯುತ್ತದೆ. ಮೂರು ಸಲ ನೋಡುತ್ತೇವೆ, ಮಾತು ಬಂದರೆ ಯಂತ್ರ ಮನೆಗೆ, ಇಲ್ಲವಾದರೆ ಬೇರೆ ರೋಗಿಗೆ ಎಂದಳು.

ಮೊದಲ ಸಲ ಪಾಪಿರೆಡ್ಡಿಪಟ್ಟಿಯ ನೆಂಟರೆಲ್ಲ ವ್ಯಾನು ಮಾಡಿಕೊಂಡು ಬಂದರು. ಮಾವನ ತಲೆಯೊಳಗೆ ತಮ್ಮ ಬಗ್ಗೆ ಏನಿದೆ ಎಂದು ತಿಳಿಯುವ ಆಸೆ ಯಾರಿಗಿಲ್ಲ? ಮಾವ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಎರಡನೆಯ ಸಲವೂ ಅಷ್ಟೆ. ಅರಿವೇ ಉಳಿದಿಲ್ಲವೇನೋ ಎಂದು ಹುಡುಗಿ ಮೆಲ್ಲಗೆ ನನ್ನ ಬಳಿ ಹೇಳಿದಳು.

ಅತ್ತೆಗೆ ಕೇಳಿಸಿತು. “ಅರಿವೆಲ್ಲಾ ಐತೆ ಕಣಮ್ಮಾ. ನಾಕ್ ಜನದ ಮುಂದೆ ರೇಟ್ ಕೂಗೋ ಮನ್ಸನಾ ಇವ್ರು?”

ಮೂರನೆಯ ಸಲ ನೆಂಟರನ್ನು ಹೊರಗಟ್ಟಿ ಅತ್ತೆ ಹುಡುಗಿಯನ್ನು ಕೇಳಿದರು: “ಇವ್ರು ನೆನ್ಸೋದೆಲ್ಲಾ ಇದ್ರಾಗೆ ಬಂದ್ಬುಡ್ತದಾ?”

ಆರಿಸಿದ ಅಕ್ಷರವಷ್ಟೇ ಬರುತ್ತದೆ, ಆದರೆ ಬಂದದ್ದೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ಆಕೆ ಒಪ್ಪಿಕೊಂಡಳು.

“ಗಂಡ ಎಂಡ್ತಿ ಮಾತು ಕಂಪನಿಗ್ಯಾಕಮ್ಮಾ? ಆಫ್ ಮಾಡು.”

ಹುಡುಗಿ ಯಾರಿಗೋ ಫೋನು ಮಾಡಿ, ವಾದಿಸಿ, ಕಂಪನಿಗೆ ಹೋಗುವುದನ್ನಷ್ಟೇ ಆಫ್ ಮಾಡಿದಳು. ಪಂಡಿತರು ವರ್ಷಗಟ್ಟಲೆ ಚರ್ಚಿಸುವ ಪ್ರಶ್ನೆ ಹತ್ತು ನಿಮಿಷದಲ್ಲಿ ಬಗೆಹರಿಯಿತು.

ಅತ್ತೆ ದೊಡ್ಡ ಟವಲೊಂದನ್ನು ಲ್ಯಾಪ್‌ಟಾಪಿನ ಮೇಲೂ ಮಾವನ ತಲೆಯ ಮೇಲೂ ಹೊದಿಸಿ, ತಾವೂ ಒಳಗೆ ತೂರಿಕೊಂಡರು. ಐದನೆಯ ಕ್ಲಾಸಿನವರೆಗೆ ತಮಿಳು ಓದಿದವರು. ಅಕ್ಷರ ತಮಿಳಾದರೂ ಮಾವನ ಮಾತು ಕನ್ನಡವೇ ತಾನೆ? ನಾನೂ ಹುಡುಗಿಯೂ ಬಾಗಿಲ ಬಳಿ ನಿಂತೆವು. ಅರ್ಧ ಗಂಟೆ ಕಳೆಯಿತು. ಟವಲಿನೊಳಗೆ ಅತ್ತೆ ನಕ್ಕದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮೂಗು ಸೊರ್ ಎಂದದ್ದೂ ಕೇಳಿಸಿತು.

ಹೊರಬಂದಾಗ, ಮಾವ ಏನಂದರು ಎಂದು ಕೇಳಿದೆ.

“ಅದು ನಮ್ಮಿಬ್ರ ಯಾಪಾರ ಕಣ್ಲಾ.”

ಮಾವನ ಜೀವವಿಲ್ಲದ ಬೆರಳುಗಳನ್ನು ಅವರು ಇನ್ನೂ ಹಿಡಿದೇ ಇದ್ದರು, ಒಂದೊಂದನ್ನೇ ಮೆಲ್ಲಗೆ ಒತ್ತುತ್ತ.

ಹುಡುಗಿ ಫಾರಂನಲ್ಲಿ ‘ಮಾತು ಬಂದಿದೆ’ ಎಂದು ಬರೆದಳು. ಮುಂದಿನ ವಾರ ಯಂತ್ರ ಹರೂರಿಗೆ ಬಂತು.