ಎತ್ತು ಮಾರಿ ಕೊಂಡ ದುರ್ಬೀನು

ಇಂಥವು ನನಗೊಬ್ಬನಿಗೇ ಯಾಕೆ ಆಗುತ್ತವೋ ತಿಳಿಯದು. ಆಳಂದದಲ್ಲಿ ಗಾಣ ಇದ್ದವರು ಇನ್ನೂ ನಾಲ್ಕು ಮಂದಿ ಇದ್ದರು. ಅವರು ಎಣ್ಣೆ ತೆಗೆದರು, ಉಂಡರು, ಮಲಗಿದರು. ನಾನು ದುರ್ಬೀನು ಕೊಂಡೆ.

೧. ಕಾಣದ ಚುಕ್ಕಿ

ಮೂವತ್ತು ವರ್ಷ ನನ್ನಾಕೆ ನಸುಕಿನಲ್ಲಿ ನನ್ನನ್ನು ಎಬ್ಬಿಸಿದಳು. ದಿನಾ ಒಂದೇ ಮಾತು. "ಏಳ್ರಿ, ಬೆಳ್ಳಿಚುಕ್ಕಿ ಮೂಡ್ಯದ." ನಾನು ಎದ್ದು ಗಾಣಕ್ಕೆ ಎತ್ತು ಹೂಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಎಷ್ಟು ಹೊತ್ತಿಗೆ ಏಳಬೇಕೋ ತಿಳಿಯದಾಯಿತು. ಒಂದು ಸಲ ಎದ್ದು ಎತ್ತು ಹೂಡಿದೆ. ಒಂದು ಗಾಣ ಕುಸುಬಿ ಅರೆದು ಮುಗಿದರೂ ಕೋಳಿ ಕೂಗಲಿಲ್ಲ. ಓಣಿಯವರು ಎದ್ದು ಬಂದರು. "ಇಷ್ಟೊತ್ತಿನ್ಯಾಗ ಯಾರಿಗೆ ಎಣ್ಣಿ ಬೇಕಾಗ್ಯದಲೇ?"

ಅಂದಿನಿಂದ ನಸುಕಿಗೆ ಅಂಗಳದಲ್ಲಿ ನಿಂತು ಮೂಡಣಕ್ಕೆ ನೋಡತೊಡಗಿದೆ. ಚುಕ್ಕಿ ರಾಶಿ ಇದ್ದವು. ಆಕೆಯ ಚುಕ್ಕಿ ಯಾವುದು? ಅದು ಮೂಡಿತು ಅಂತ ಮೂವತ್ತು ವರ್ಷ ಕೇಳಿದ್ದೆ. ಒಂದು ದಿನವೂ ನೋಡಿರಲಿಲ್ಲ.

ನೆರೆಮನೆಯ ರೈತನನ್ನು ಕರೆದು ತೋರಿಸು ಅಂದೆ. ಆತ ಮೇಲೆ ನೋಡಿದ.

"ಇಲ್ಲೋ. ಈಗ ಅದು ಕಾಣ್ಸವಲ್ದು."

"ಎಲ್ಲಿ ಹೋಗ್ಯದ?"

"ನನಗೇನ್ ಹೇಳಿ ಹೋಗ್ಯದೇನು?"

ಆಕೆಯೂ ನನಗೆ ಹೇಳಿ ಹೋಗಿರಲಿಲ್ಲ.

೨. ಸಾಹೇಬರ ಮಾತು

ಚುಕ್ಕಿ ದೂರ ಹೋಗಿರಬೇಕು ಅಂದುಕೊಂಡೆ. ಅಫಜಲಪುರದಲ್ಲಿ ಒಬ್ಬ ಮುದಿ ಸಾಹೇಬರು ಪಿಂಚಣಿ ತಗೊಂಡು ಊರು ಬಿಡುವವರಿದ್ದರು. ಅವರ ಹತ್ತಿರ ಹಿತ್ತಾಳೆಯ ದುರ್ಬೀನು ಇತ್ತು. ಅದು ಲಡಾಯಿ ಕಾಲ. ಚಿಮಣಿ ಎಣ್ಣೆ ಸಿಗದೆ ಮಂದಿ ದೀಪಕ್ಕೂ ನನ್ನ ಎಣ್ಣೆಯನ್ನೇ ಒಯ್ಯುತ್ತಿದ್ದರು. ಕೈಯಲ್ಲಿ ರೊಕ್ಕ ಇತ್ತು. ಸಾಲಲಿಲ್ಲ. ಎರಡು ಎತ್ತಿನಲ್ಲಿ ಒಂದನ್ನು ಮಾರಿದೆ.

"ಇದರಾಗ ಚಾಂದ್ ನೋಡ್ರಿ, ಅಂಗಳಕ್ಕ ಬಂದಂಗ ಕಾಣ್ತದ" ಅಂದರು ಸಾಹೇಬರು.

"ಬೆಳ್ಳಿಚುಕ್ಕಿ ಸಿಗ್ತದೇನ್ರಿ?"

"ಎಲ್ಲಾ ಸಿಗ್ತದ."

"ಎತ್ತು ಮಾರಿ ತಗೋಳಾಕತ್ತೇನ್ರಿ. ಖರೇ ಹೇಳ್ರಿ."

"ಆ ಎತ್ತೂ ಕಾಣ್ತದ, ಎಲ್ಲಿದ್ರೂ" ಅಂದರು.

೩. ನಾಲ್ಕೂ ಕಾಲು ಮೇಲೆ

ಒಂದು ಸಂಜೀಮುಂದೆ ಮಾಳಿಗೆ ಮೇಲೆ ದುರ್ಬೀನು ಇಟ್ಟು ಒರೆಸುತ್ತಿದ್ದೆ. ನೆರೆಮನೆಯ ರೈತ ಏರಿ ಬಂದ. "ಸರಿಯಲೇ, ನನ್ನ ಹೊಲ ನೋಡ್ತೇನಿ." ಆತನ ಹೊಲ ನರೋಣಾ ದಾರಿಗೆ. ಕಣ್ಣು ಇಟ್ಟವನೇ ಚೀರಿದ.

"ಅಯ್ಯಯ್ಯೋ, ನನ್ನ ಎತ್ತು ಸತ್ತದಲೇ! ನಾಕೂ ಕಾಲು ಮ್ಯಾಲ ಮಾಡ್ಯದ!"

ಧೋತರ ಎತ್ತಿ ಹಿಡಿದು ಓಡಿದ. ಬಹಳ ಹೊತ್ತಿಗೆ ತಿರುಗಿ ಬಂದ. ಎತ್ತು ಆರಾಮಾಗಿ ಕಣಿಕಿ ತಿನ್ನುತ್ತಿತ್ತಂತೆ.

"ನಿನ್ನ ದುರ್ಬೀನ ಎಲ್ಲಾ ತಲಿಕೆಳಗ ತೋರಸ್ತದ. ನೀನರ ಹೇಳಬಾರ್ದೇನು?"

"ನನಗೂ ಗೊತ್ತಿದ್ದಿಲ್ಲೋ. ನೀ ಓಡೂದು ಇದರಾಗೇ ನೋಡಿದೆ. ಕಾಲು ಮ್ಯಾಲ, ರುಮಾಲ ಕೆಳಗ. ಎತ್ತಿನ ಸಂಕಟಕ್ಕ ಆಕಾಶದ ಮ್ಯಾಲ ಓಡಾಕತ್ತಿ ಅಂದ್ಕೊಂಡೆ."

೪. ಪುಸ್ತಕದಲ್ಲಿ ಇಲ್ಲದ್ದು

ಚುಕ್ಕಿ ಮಾತ್ರ ನಸುಕಿಗೆ ಸಿಗಲೇ ಇಲ್ಲ. ಸಾಲಿ ಮಾಸ್ತರರನ್ನು ಕರೆದೆ. ಅವರು ಗಾಣದ ಹತ್ತಿರ ಕುಳಿತು ತಿಳಿಸಿದರು.

"ಭೂಮಿ ಸೂರ್ಯನ ಸುತ್ತ ತಿರುಗ್ತದ. ನಿಮ್ಮ ಎತ್ತು ತಿರುಗಿದಂಗ."

"ನನ್ನ ಎತ್ತಿಗಿ ಕಟ್ಟಿದಂಗ ಅದರ ಕಣ್ಣಿಗಿ ಪಟ್ಟಿ ಕಟ್ಟ್ಯಾರೇನ್ರಿ?"

"ಭೂಮಿಗಿ ಯಾರು ಕಟ್ತಾರ?"

"ಪಟ್ಟಿ ಇಲ್ದ ಅಷ್ಟು ತಿರುಗಿದ್ರ ತಲಿ ಗುಮ್ಮಂದು ಬೀಳ್ತದ್ರಿ."

ಮಾಸ್ತರರು ಭೂಮಿಯನ್ನು ಅಲ್ಲಿಗೇ ಬಿಟ್ಟರು. "ಬೆಳ್ಳಿಚುಕ್ಕಿನೂ ತಿರುಗ್ತದ. ಕೆಲವು ತಿಂಗಳು ನಸುಕಿಗಿ ಮೂಡಣಕ್ಕ. ಕೆಲವು ತಿಂಗಳು ಸಂಜೀಕ ಪಡುವಣಕ್ಕ. ಈಗ ಪಡುವಣಕ್ಕದ. ಅಕೋ."

ಹೊತ್ತು ಮುಳುಗಿತ್ತು. ಬೇವಿನ ಮರದ ಮೇಲೆ ದೀಪ ಇಟ್ಟಂತೆ ಇತ್ತು. ದುರ್ಬೀನಿನಲ್ಲಿ ನೋಡಿದೆ. ಅರ್ಧ ಚಂದ್ರನ ಹಾಗೆ ಕಂಡಿತು. ಅದೂ ಅರ್ಧ ಆಗಿತ್ತು.

ಸಿಕ್ಕಿತಲ್ಲ ಅಂತ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

"ಮಾಸ್ತರ್ರ, ಹಂಗಾರ ನಸುಕಿಗಿ ಇದು ಇಲ್ಲದ ತಿಂಗಳದಾಗ ನನ್ನಾಕಿ ಏನು ನೋಡಿ ಎಬ್ಬಸ್ತಿದ್ಲು?"

ಅವರು ಎದ್ದು ಧೋತರ ಝಾಡಿಸಿದರು. "ಅದು ಪುಸ್ತಕದಾಗ ಇಲ್ರಿ."

೫. ಕೊಳಕೂರಿನ ನಾದಿನಿ

ವರ್ಷದ ಕಾರ್ಯಕ್ಕೆ ಜೇವರ್ಗಿ ಕಡೆಯ ಕೊಳಕೂರಿನಿಂದ ನನ್ನಾಕೆಯ ತಂಗಿ ಬಂದಳು. ದುರ್ಬೀನು ಯಾಕೆ ಅಂತ ಕೇಳಿದಳು. ಎಲ್ಲಾ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

"ಮಾಮಾ, ಅಕ್ಕ ಚುಕ್ಕಿ ಎಲ್ಲಿ ನೋಡ್ತಿದ್ಲು? ಆಕಿ ಹಾಸಗಿ ಬಿಟ್ಟೇ ಎದ್ದಿರತಿದ್ದಿಲ್ಲ. ನಿಮ್ಮ ಗೊರಕಿ ಕೇಳಿ ಎಬ್ಬಸ್ತಿದ್ಲು."

"ನನ್ನ ಗೊರಕಿ?"

"ರಾತ್ರಿಯೆಲ್ಲಾ ಗಾಣ ತಿರುಗಿದಂಗ ಗುರ್ ಅಂತೀರಂತ. ನಸುಕಾತಂದ್ರ ಸಣ್ಣಗ ಸಿಳ್ಳು ಹೊಡೀತೀರಂತ. ಒಂದು ದಿನನೂ ತಪ್ಪಿದ್ದಿಲ್ಲಂತ."

"ಮತ್ತ ಚುಕ್ಕಿ ಅಂತ ಯಾಕ ಹೇಳ್ತಿದ್ಲು?"

"ನಿಮ್ಮ ಮೂಗು ಸಿಳ್ಳು ಹೊಡೀತು ಏಳ್ರಿ ಅಂತ ಗಂಡಗ ಹೆಂಗ ಅಂತಾಳ್ರಿ, ಮಾಮಾ?"

ಎತ್ತು ಮಾರಿ ಆಕಾಶವನ್ನೆಲ್ಲ ಹುಡುಕಿದೆ. ಅದು ನನ್ನ ಮೂಗಿನಲ್ಲೇ ಇತ್ತು.

ಆ ಸಿಳ್ಳು ನಾನೂ ಒಮ್ಮೆ ಕೇಳಬೇಕು ಅನ್ನಿಸಿತು. ಎರಡು ರಾತ್ರಿ ನಿದ್ದೆಗೆಟ್ಟು ಕಾದೆ. ಬರಲಿಲ್ಲ.