ಏನೂ ಮಾಡಬಾರದ ಗಿಡ

ಎಲ್ಲ ಶುರುವಾದದ್ದು ಒಂದು ಎಲೆಯ ತುದಿ ಕಂದಾದದ್ದರಿಂದ. ಕಂದು ಅಂದರೆ ಉಗುರಿನಷ್ಟು. ಭಾನುವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ನಡುಮನೆಗೆ ಬಂದ ದುರುಗೇಶನಿಗೆ ಅದು ಕಂಡಿತು. ಕಾಫಿ ಗಂಟಲಲ್ಲೇ ನಿಂತಿತು.

ಗಿಡ ಅವನದಲ್ಲ. ಹೊಳಲ್ಕೆರೆಯ ಒಂದು ಕಚೇರಿಯಲ್ಲಿ ಅವನು ಗುಮಾಸ್ತ; ಗಿಡ ಅವನ ಮೇಲಧಿಕಾರಿ ಯಮುನಾ ಮೇಡಂ ಅವರದು. ಕಚೇರಿಗೆ ಬಣ್ಣ ಹೊಡೆಯುತ್ತಿದ್ದಾರೆಂದು, ತಾವು ತುಮಕೂರಿಗೆ ತರಬೇತಿಗೆ ಹೊರಡುವ ಮುಂಚೆ, ನೀಲಿ ಪಿಂಗಾಣಿ ಕುಂಡದ ಸಮೇತ ಆ ಪಾಮ್ ಗಿಡವನ್ನು ಅವನ ಕೈಗಿಟ್ಟಿದ್ದರು.

"ನೋಡಿ ದುರುಗೇಶ್, ಇದಕ್ಕೆ ಏನೂ ಮಾಡಬೇಡಿ. ಮನೆಯೊಳಗೆ ಬೆಳಕು ಬರೋ ಕಡೆ ಇಡಿ. ಮಣ್ಣು ಒಣಗಿದ್ರೆ ಒಂದು ಲೋಟ ನೀರು. ಅಷ್ಟೇ."

ಏನೂ ಮಾಡದೆ ಇರುವುದರಲ್ಲಿ ದುರುಗೇಶನಿಗೆ ಒಳ್ಳೆಯ ಅನುಭವವಿತ್ತು. ಆದರೆ ಮೇಡಂ ಹೊರಡುವಾಗ ಇನ್ನೊಂದು ಮಾತನ್ನೂ ಆಡಿದ್ದರು. ಹಿರಿಯೂರಿನ ಕಚೇರಿಗೆ ಇಲ್ಲಿಂದ ಒಬ್ಬರನ್ನು ಕಳಿಸಬೇಕಂತೆ. ಯಾರು ಅನ್ನುವುದನ್ನು ಬಂದ ಮೇಲೆ ಹೇಳುತ್ತಾರಂತೆ. ಹಿರಿಯೂರು ಅಂದರೆ ದಿನಾ ಕೋಳಿ ಕೂಗುವ ಮುಂಚೆ ಎದ್ದು, ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಮತ್ತೆ ಮನೆ ಸೇರುವಷ್ಟರಲ್ಲಿ ಹೆಂಡತಿಗೆ ಅರ್ಧ ನಿದ್ದೆ. ಆ ಮಾತೂ ಈ ಗಿಡವೂ ದುರುಗೇಶನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಗಿಡ ಉಳಿದರೆ ಹೊಳಲ್ಕೆರೆ, ಸತ್ತರೆ ಹಿರಿಯೂರು. ಮೇಡಂ ಇವತ್ತು ಸಂಜೆಯೇ ಬರುವವರಿದ್ದರು.

"ಒಂದ್ ತುದಿ ಕಂದಾದ್ರೆ ಏನಾತ್ರೀ? ಸುಮ್ನೆ ಬಿಡ್ರಿ," ಅಂದಳು ಹೆಂಡತಿ ಯಶೋದಾ.

ಆ ಮನೆಯಲ್ಲಿ ಅಂದು ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಆದರೆ ಕಿಟಕಿ ತೆರೆದಿತ್ತು. ಕಿಟಕಿಯಾಚೆ ಪಕ್ಕದ ಮನೆಯ ಜುಂಜಯ್ಯ ಹಲ್ಲುಜ್ಜುತ್ತಿದ್ದರು.

ಜುಂಜಯ್ಯನವರಿಗೆ ಊರಾಚೆ ಅಡಿಕೆ ತೋಟವಿದೆ. ಬಾಯಿ ಮುಕ್ಕಳಿಸಿ ಸೀದಾ ಒಳಗೇ ಬಂದರು. "ಲೇ, ಇದು ಅಡಿಕೆ ಜಾತಿ ಕಣೋ! ಅಡಿಕೆ ಸಸೀನ ಯಾರಾದ್ರೂ ಟೀವಿ ಪಕ್ಕ ಕುಂಡ್ರಿಸ್ತಾರೇನೋ? ಉಸಿರು ಕಟ್ಟೈತೆ ಅದಕ್ಕೆ. ಬಿಸಿಲಿಗೆ ತಗಿ."

"ಮೇಡಂ ಏನೂ ಮಾಡಬ್ಯಾಡಿ ಅಂದಾರೆ ಜುಂಜಯ್ಯನೋರೆ..."

"ನಿಮ್ ಮೇಡಂಗೆ ಎಷ್ಟು ಎಕರೆ ತೋಟ ಐತೆ?"

ಹೊಳಲ್ಕೆರೆಯಲ್ಲಿ ಈ ಪ್ರಶ್ನೆಯ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ಕುಂಡ ಅಂಗಳಕ್ಕೆ ಬಂತು. ಬಂದ ಮೇಲೆ ಜುಂಜಯ್ಯ ತಲೆಯೆತ್ತಿ ಸೂರ್ಯನನ್ನು ನೋಡಿದರು. "ಬಿಸಿಲು ಜೋರೈತೆ. ಕಾಂಡ ಸುಟ್ಟೋಗ್ತೈತೆ. ಸುಣ್ಣ ಬಳೀಬೇಕು."

ಎಳೆಯ ಅಡಿಕೆ ಮರದ ಕಾಂಡಕ್ಕೆ ಬಿಸಿಲು ಬಡಿಯದಿರಲೆಂದು ತೋಟದಲ್ಲಿ ಸುಣ್ಣ ಬಳಿಯುವುದು ದುರುಗೇಶನಿಗೂ ಗೊತ್ತಿತ್ತು. ಆದರೆ ನೆರಳಿನಲ್ಲಿದ್ದ ಗಿಡವನ್ನು ಬಿಸಿಲಿಗೆ ತಂದು, ಆಮೇಲೆ ಬಿಸಿಲಿನಿಂದ ಕಾಪಾಡುವುದು ಅವನಿಗೆ ಹೊಸದು. ಬೇಡ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಕೆಟ್ಟು ಬಂದಿತ್ತು. ಕಾಂಡ ಪೆನ್ಸಿಲಿನಷ್ಟು ದಪ್ಪ, ಜುಂಜಯ್ಯನವರ ಬ್ರಷ್ಷು ಗೋಡೆಗೆ ಬಳಿಯುವಂಥದ್ದು. ಮುಗಿದಾಗ ಮೇಡಂ ಅವರ ಗಿಡ ಮೊಸರನ್ನದ ಪಾತ್ರೆಯಲ್ಲಿ ಬಿದ್ದು ಎದ್ದ ಹಾಗೆ ಕಾಣುತ್ತಿತ್ತು.

ಎದುರು ಮನೆಯ ಕುರಿ ಮಾರಣ್ಣ ತನ್ನ ಟಗರನ್ನು ಹಿಡಿದುಕೊಂಡು ಹೋಗುತ್ತಿದ್ದವನು ಗೇಟಿನಲ್ಲಿ ನಿಂತ. "ಸುಣ್ಣ ಬಳುದ್ರೆ ಹೊಟ್ಟೆ ತುಂಬ್ತೈತೇನ್ರಿ? ಅದಕ್ಕೆ ಗೊಬ್ಬರ ಬೇಕು."

ಈ ಕಡೆ ಹೊಲಕ್ಕೆ ಗೊಬ್ಬರ ಬೇಕೆಂದರೆ ಕುರಿ ಮಂದೆಯನ್ನೇ ಕರೆಸಿ ಹೊಲದಲ್ಲಿ ನಿಲ್ಲಿಸುತ್ತಾರೆ. ಮಾರಣ್ಣನ ಮಂದೆ ನಿಂತು ಬಂದ ಹೊಲಗಳಿಗೆ ಲೆಕ್ಕವಿಲ್ಲ. ಅವನು ಕುಂಡವನ್ನು ಕಣ್ಣಲ್ಲೇ ಅಳೆದ. "ಇಷ್ಟಕ್ಕೆ ಮಂದೆ ಬ್ಯಾಡ. ಇದೊಂದು ಟಗರು ಸಾಕು."

"ಒಂದ್ ಹಿಡಿ ಗೊಬ್ಬರ ತಂದ್ಕೊಡು ಮಾರಣ್ಣ, ಟಗರು ಯಾಕೆ?"

"ತಂದು ಹಾಕಿದ್ದು ಬ್ಯಾರೆ, ಅಲ್ಲೇ ಬಿದ್ದಿದ್ದು ಬ್ಯಾರೆ."

ಟಗರನ್ನು ಕುಂಡದ ಪಕ್ಕದ ಕಂಬಕ್ಕೆ ಕಟ್ಟಿದ್ದಾಯಿತು. ಸುಣ್ಣ ಹೆಚ್ಚೋ ಗೊಬ್ಬರ ಹೆಚ್ಚೋ ಎಂದು ಇಬ್ಬರಿಗೂ ಜಗಳ ಹತ್ತಿಕೊಂಡಿತು. ಬೀದಿಯವರು ಸೇರಿಯಾರೆಂದು ಯಶೋದಾ ಮೂವರನ್ನೂ ಒಳಗೆ ಕರೆದು ಟೀ ಕೊಟ್ಟಳು.

ಹೊರಗೆ ಬಂದು ನೋಡಿದರೆ ಕುಂಡದಲ್ಲಿ ಸುಣ್ಣದ ಮೋಟುಗಳಷ್ಟೇ ಇದ್ದವು. ಟಗರು ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿತ್ತು. ಅದು ಕೊಡಬೇಕಾದದ್ದನ್ನು ಕೊಟ್ಟಿರಲಿಲ್ಲ.

"ಚಿಂತಿ ಮಾಡಬ್ಯಾಡ್ರಿ, ಕುರಿ ಮೇಯ್ದ ಮ್ಯಾಲೇ ಚಿಗುರು ಜೋರು," ಎಂದು ಮಾರಣ್ಣ ಟಗರನ್ನು ಬಿಚ್ಚಿಕೊಂಡು ಬೇಗಬೇಗನೆ ಹೊರಟ. ಜುಂಜಯ್ಯನವರಿಗೂ ತೋಟದ ಮೋಟಾರು ನೆನಪಾಯಿತು.

ದುರುಗೇಶ ಕುಂಡವನ್ನು ಗೋಣಿಚೀಲಕ್ಕೆ ಇಳಿಸಿ, ಹಿತ್ತಿಲ ಬಾಗಿಲಿನಿಂದ ಹೊರಟು ದುರ್ಗದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಅಳು ಬರುವಂತಾಗಿತ್ತು. ದುರ್ಗದಲ್ಲಿ ನರ್ಸರಿ ನಡೆಸುವ ತೌಹೀದ್ ಚೀಲದೊಳಗೆ ಇಣುಕಿ ನೋಡಿ ಮುಖವನ್ನು ಕಿಂಚಿತ್ತೂ ಬದಲಿಸದೆ ಕೇಳಿದ, "ಕುರಿನೋ ಮೇಕೆನೋ?"

"ಟಗರು."

"ಈ ಸೈಜಿಂದು ಒಂದೇ ಉಳ್ದೈತಣ್ಣ. ಅದನ್ನೂ ಒಬ್ರು ಫೋನ್ ಮಾಡಿ ಹೇಳಿಟ್ಟಾರೆ. ಈಗ ಬರ್ತಾರೆ, ಕೇಳಾಣ ಕುಂತ್ಕಳ್ರಿ."

ಕುಳಿತುಕೊಳ್ಳುವಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಸೂಟ್‌ಕೇಸು ಹಿಡಿದು ಇಳಿದವರು ಯಮುನಾ ಮೇಡಂ. ದುರುಗೇಶ ಹಾರಿ ಒಂದು ಕ್ರೋಟನ್ ಗಿಡದ ಹಿಂದೆ ಅಡಗಿದ. ಕ್ರೋಟನ್ ಅವನ ಮೊಣಕಾಲಿನವರೆಗೆ ಇತ್ತು.

"ದುರುಗೇಶ್?"

ಅವನು ಎದ್ದು ಬಂದು ಚೀಲದ ಬಾಯಿ ಬಿಚ್ಚಿದ. "ತಪ್ಪಾತು ಮೇಡಂ. ನಾಳೆಯಿಂದ್ಲೇ ಹಿರಿಯೂರಿಗೆ ಹೋಗ್ತೀನಿ."

ಮೇಡಂ ಆ ಬಿಳಿಯ ಮೋಟುಗಳನ್ನು ನೋಡಿದರು. ಆಮೇಲೆ ಸೂಟ್‌ಕೇಸಿನ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ಇವ್ರೇ ಅಣ್ಣ ಫೋನ್ ಮಾಡಿದ್ದು," ಅಂದ ತೌಹೀದ್. "ಪ್ರತಿ ವರ್ಷ ತಗೊಂಡೋಗ್ತಾರೆ."

"ನಾನು ಹೊರಡೋಕೆ ಮುಂಚೇನೇ ಅದರ ಬೇರು ಕೊಳೆತಿತ್ತು ದುರುಗೇಶ್," ಎಂದರು ಮೇಡಂ ಕಣ್ಣೊರೆಸಿಕೊಳ್ಳುತ್ತ. "ಸುಮ್ಮನೆ ಬಿಡೋಕೆ ನನಗೂ ಆಗಲ್ಲ. ದಿನಾ ನೀರು ಹಾಕಿ ಹಾಕಿ ಕೊಂದುಬಿಡ್ತೀನಿ. ನಮ್ಮ ಹಳೇ ಸಾಹೇಬ್ರು ವರ್ಗ ಆಗಿ ಹೋಗ್ವಾಗ ಕೊಟ್ಟಿದ್ದು. ಬಂದಾಗೆಲ್ಲ ಮೊದಲು ಅದನ್ನೇ ಕೇಳ್ತಾರೆ. ಈ ಸಲ ಸಾಯೋದಾದ್ರೆ ನಿಮ್ಮನೇಲಿ ಸಾಯ್ಲಿ ಅಂತ ಕೊಟ್ಟೆ."

"ಹಂಗಾರೆ ಹಿರಿಯೂರು?"

"ಗಿಡ ಕೊಂದವರನ್ನ ಕಳಿಸೋದಾದ್ರೆ ಮೊದಲು ನಾನೇ ಹೋಗ್ಬೇಕು. ನಮ್ಮ ಕಚೇರಿ ಯೋಗೇಶ್ ತಾನೇ ಹೋಗ್ತೀನಿ ಅಂದಿದ್ದಾನೆ, ಅವನ ಅತ್ತೆ ಮನೆ ಅಲ್ಲೇ."

ದುರುಗೇಶನ ಎದೆಯ ಮೇಲಿದ್ದ ಭಾರ ಅಲ್ಲೇ ಇಳಿದುಹೋಯಿತು. ಬೆಳಗ್ಗೆ ಗಂಟಲಲ್ಲಿ ನಿಂತ ಕಾಫಿ ಈಗ ಕೆಳಗಿಳಿಯಿತೇನೋ ಅನ್ನಿಸಿತು. ತೌಹೀದ್ ಹೊಸ ಗಿಡವನ್ನು ಹಳೆಯ ಕುಂಡಕ್ಕೆ ಕೂರಿಸಿ, ಎಲೆಗಳನ್ನು ಒರೆಸಿ ಕೊಟ್ಟ. ಅಧಿಕಾರಿ, ಗುಮಾಸ್ತ ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕುಂಡವನ್ನು ನಡುವೆ ಇಟ್ಟುಕೊಂಡು, ಮದುವೆ ಊಟ ಮುಗಿಸಿ ಬಂದವರ ಹಾಗೆ ನಗುತ್ತ ಹೊಳಲ್ಕೆರೆಗೆ ಬಂದರು.

ಇಳಿಯುವಾಗ ಮೇಡಂ ಹೇಳಿದರು, "ಕಚೇರಿ ಬಣ್ಣ ಇನ್ನೂ ಒಣಗಿಲ್ಲವಂತೆ. ಮಂಗಳವಾರ ಆ ಹಳೇ ಸಾಹೇಬ್ರು ಬರ್ತಾರೆ, ಅಲ್ಲೀವರೆಗೂ ನಿಮ್ಮನೇಲೇ ಇರ್ಲಿ. ಗಿಡ ಬದಲಾದದ್ದು ಮಾತ್ರ ಯಾರಿಗೂ ಗೊತ್ತಾಗಬಾರದು. ಗೊತ್ತಾದ್ರೆ ಯೋಗೇಶ್ ಜೊತೆ ನೀವೂ ಹೊರಡ್ತೀರಿ."

"ಇಲ್ಲ ಮೇಡಂ. ದೇವರಾಣೆ ಬಾಯಿ ಬಿಡಲ್ಲ."

ಗುನುಗುತ್ತ ಬೀದಿಗೆ ತಿರುಗಿದರೆ, ಮನೆ ಮುಂದೆ ಜುಂಜಯ್ಯ ಮತ್ತು ಮಾರಣ್ಣ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು, ಕ್ಷಮೆ ಕೇಳಲೆಂದೇ ಇರಬೇಕು. ದುರುಗೇಶನ ಕೈಯಲ್ಲಿ ಅದೇ ನೀಲಿ ಕುಂಡ, ಅದರಲ್ಲಿ ಹಸಿರು ತುಳುಕುವ ಗಿಡ. ಇಬ್ಬರ ಬಾಯಿಯೂ ತೆರೆದೇ ಉಳಿಯಿತು.

"ನೋಡಿದ್ಯೇನೋ!" ಎಂದು ಮೊದಲು ಕೂಗಿದವರು ಜುಂಜಯ್ಯ. "ಬಳುದಿದ್ ಸುಣ್ಣಾನೆಲ್ಲ ಹೀರ್ಕಂಡೈತೆ! ಬೆಳಗ್ಗೆ ಬಳುದ್ರೆ ಸಂಜಿಗೆ ಚಿಗುರು!"

"ಸುಣ್ಣ ಅಲ್ರೀ, ನನ್ ಟಗರು ಮೇಯ್ದಿದ್ದಕ್ಕೆ! ನಾ ಹೇಳ್ಲಿಲ್ವಾ?"

ನಿಜ ಹೇಳಲು ದುರುಗೇಶ ಬಾಯಿ ತೆರೆದ. ಹಿರಿಯೂರು ನೆನಪಾಗಿ ಮುಚ್ಚಿದ.

"ಅರೆಬರೆ ಮಾಡಬಾರ್ದು," ಎಂದು ಜುಂಜಯ್ಯ ಬಕೆಟ್ಟು ತರಲು ಓಡಿದರು. ಮಾರಣ್ಣ ಆಗಲೇ ತನ್ನ ಮನೆಯ ಕಡೆ ತಿರುಗಿ, ಈ ಸಲ ಎರಡು ಟಗರು ಬಿಡಲು ಕೂಗಿ ಹೇಳುತ್ತಿದ್ದ.

ದುರುಗೇಶ ಕುಂಡವನ್ನು ಎದೆಗವಚಿಕೊಂಡು ಒಳಗೆ ನುಗ್ಗಿ ಚಿಲಕ ಹಾಕಿದ. ಹೊರಗಿನಿಂದ ಇಬ್ಬರೂ ಬಾಗಿಲು ಬಡಿಯತೊಡಗಿದರು. ಅವನು ಫೋನು ತೆಗೆದ.

"ತೌಹೀದ್, ಆ ಸೈಜಿಂದು ಇನ್ನೊಂದು ಗಿಡ ಮಂಗಳವಾರದೊಳಗೆ ಬರ್ತೈತೇನಪ್ಪ?"